ಓಟ ಬಿಟ್ಟ ಗ್ರೇಹೌಂಡ್ ಮನೆಗೆ ಬಂದಿದೆ: ರಕ್ತದ ರಿಪೋರ್ಟ್, ಊಟ, ಮೆಟ್ಟಿಲು, ಬೆಕ್ಕು – ಸಲಹೆ ಬೇಕು (ಪುಣೆ)

ಭೀಮಾತೀರ, ವಾಕಡ್

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರ ಕಡೆಯವರು, ಕೆಲಸಕ್ಕಾಗಿ ಪುಣೆಯ ವಾಕಡ್‌ನಲ್ಲಿ ಇದ್ದೇವೆ. ಕಳೆದ ತಿಂಗಳು ಒಂದು ಹೆಣ್ಣು ಗ್ರೇಹೌಂಡ್ ದತ್ತು ತಗೊಂಡೆವು. ನಾಲ್ಕು ವರ್ಷ ಇರಬಹುದು ಅಂದರು. ಸಾಂಗ್ಲಿ ಕಡೆ ಹಳ್ಳಿ ಓಟಕ್ಕೆ ಸಾಕಿದ್ದರಂತೆ, ವೇಗ ಕಡಿಮೆ ಆದ ಮೇಲೆ ರಸ್ತೆಗೆ ಬಿಟ್ಟುಬಿಟ್ಟರಂತೆ. ಹೆಸರು ಚಿಗರಿ ಅಂತ ಇಟ್ಟಿದ್ದೇವೆ. ಬೊಗಳುವುದು ತೀರಾ ಕಡಿಮೆ. ಮನೆಗೆ ಯಾರೇ ಬಂದರೂ ಅವರ ತೊಡೆಗೆ ಒರಗಿ ನಿಂತುಬಿಡುತ್ತಾಳೆ. ಆರು ವರ್ಷದ ಮಗನಿಗೂ ಅವಳಿಗೂ ಚೆನ್ನಾಗಿ ಹೊಂದಿಕೆ ಆಗಿದೆ.

ಚಿಂತೆ ಶುರುವಾಗಿದ್ದು ರಕ್ತದ ರಿಪೋರ್ಟ್‌ನಿಂದ. ಸಂತಾನಹರಣ ಆಪರೇಷನ್ ಮಾಡಿಸೋಣ ಅಂತ ಮೊದಲು ರಕ್ತ ಪರೀಕ್ಷೆ ಮಾಡಿಸಿದೆವು. ಪ್ಲೇಟ್‌ಲೆಟ್ 1.3 ಲಕ್ಷ ಬಂತು, ಟಿ4 ಅನ್ನುವ ಥೈರಾಯ್ಡ್ ಹಾರ್ಮೋನ್ ಕೆಳಗಿನ ಮಿತಿಗಿಂತ ಕಡಿಮೆ, ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ, ಪಿಸಿವಿ 56. ಇದನ್ನು ನೋಡಿ ಕ್ಲಿನಿಕ್‌ನವರು ಉಣ್ಣಿ ಜ್ವರ ಇರಬೇಕು, ಥೈರಾಯ್ಡ್ ಅಂತೂ ಇದ್ದೇ ಇದೆ, ಥೈರಾಯ್ಡ್ ಮಾತ್ರೆ ಜೀವನಪೂರ್ತಿ ಕೊಡಬೇಕು ಅಂದರು. ಆದರೆ ಅವಳು ಆರಾಮವಾಗಿ ಇದ್ದಾಳೆ. ಊಟ ಮಾಡುತ್ತಾಳೆ, ಜ್ವರ ಇಲ್ಲ, ಬಾಲ ಅಲ್ಲಾಡಿಸುತ್ತಾಳೆ. ಮಾತ್ರೆ ಶುರು ಮಾಡಬೇಕಾ, ಇನ್ನೊಬ್ಬ ಡಾಕ್ಟರನ್ನು ನೋಡಬೇಕಾ ಗೊತ್ತಾಗುತ್ತಿಲ್ಲ.

ಊಟದ್ದೂ ಗೊಂದಲ ಇದೆ. ತೂಕ 26 ಕೆ.ಜಿ. ಪಕ್ಕೆಲುಬು ಕಾಣುತ್ತವೆ, ಸೊಂಟದ ಮೂಳೆ ಕೂಡ. ಸೊಸೈಟಿಯಲ್ಲಿ ಕೆಳಗೆ ಕರೆದುಕೊಂಡು ಹೋದರೆ ಸಾಕು, ನಾಯಿಗೆ ಊಟ ಹಾಕಲ್ವಾ ಅಂತ ಯಾರಾದರೂ ಒಬ್ಬರು ಕೇಳುತ್ತಾರೆ. ಒಬ್ಬರು ಫೋಟೋ ತೆಗೆದು ಸೊಸೈಟಿ ಗ್ರೂಪ್‌ನಲ್ಲೂ ಹಾಕಿದರು. ಮನಸ್ಸಿಗೆ ತುಂಬಾ ನೋವಾಯಿತು. ನಾವು ಹಾಲು ರೊಟ್ಟಿ ಹಾಕಿದೆವು, ಭೇದಿ ಆಯಿತು. ಪ್ಯಾಕೆಟ್ ಆಹಾರ ಹಾಕಿದರೆ ಅರ್ಧ ಬಿಡುತ್ತಾಳೆ.

ಇನ್ನು ಮನೆಯಲ್ಲಿ ಇರುವ ರೀತಿ. ಮೆಟ್ಟಿಲು ಹತ್ತುವುದಿಲ್ಲ, ಮೊದಲ ಮೆಟ್ಟಿಲ ಹತ್ತಿರ ಕಲ್ಲಿನ ಹಾಗೆ ನಿಲ್ಲುತ್ತಾಳೆ. ದಿನದಲ್ಲಿ ಹೆಚ್ಚಿನ ಹೊತ್ತು ಮಲಗಿರುತ್ತಾಳೆ, ಇದು ರೋಗವಾ ಅಂತ ಭಯ. ಕೂರು ಅಂದರೆ ಕೂರುವುದಿಲ್ಲ. ಮೊನ್ನೆ ಪಾರ್ಕಿಂಗ್‌ನಲ್ಲಿ ಬೆಕ್ಕು ಕಂಡಾಗ ಎಳೆದ ರಭಸಕ್ಕೆ ನನ್ನ ಯಜಮಾನರ ಕೈಯಿಂದ ಹಗ್ಗ ಜಾರಿತು. ಪುಣ್ಯಕ್ಕೆ ಗೇಟ್ ಹಾಕಿತ್ತು. ಇಷ್ಟು ಮೆತ್ತನೆಯ ನಾಯಿ ಬೆಕ್ಕು ಕಂಡರೆ ಯಾಕೆ ಹೀಗೆ?

ಗ್ರೇಹೌಂಡ್ ಅಥವಾ ಅಂಥ ನಾಯಿ ಸಾಕಿದವರು ದಯವಿಟ್ಟು ಹೇಳಿ.

—

ಪಶುವೈದ್ಯೆ, ಮುಲುಂಡ್

ಚಿಗರಿಯನ್ನು ಕಣ್ಣಾರೆ ನೋಡದೆ ರೋಗ ಇದೆ ಅಥವಾ ಇಲ್ಲ ಅಂತ ನಾನು ಹೇಳಲಾರೆ. ಆದರೆ ಈ ರಿಪೋರ್ಟನ್ನು ಹೇಗೆ ಓದಬೇಕು ಅನ್ನುವುದನ್ನು ಹೇಳುತ್ತೇನೆ, ಯಾಕೆಂದರೆ ಗ್ರೇಹೌಂಡ್ ಸಾಕಿದವರಿಗೆ ಇದಕ್ಕಿಂತ ಮುಖ್ಯವಾದ ವಿಷಯ ಬೇರೆ ಇಲ್ಲ.

ಲ್ಯಾಬ್ ಹಾಳೆಯ ಪಕ್ಕದಲ್ಲಿ ಅಚ್ಚು ಹಾಕಿರುವ ಮಿತಿ ಎಲ್ಲ ತಳಿಯ ನಾಯಿಗಳಿಗೆ ಸೇರಿಸಿ ಮಾಡಿದ್ದು. ಗ್ರೇಹೌಂಡ್ ರಕ್ತ ಅದಕ್ಕೆ ಹೊಂದುವುದಿಲ್ಲ. ಬೇರೆ ನಾಯಿಗಳಲ್ಲಿ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಎರಡು ಲಕ್ಷದ ಆಸುಪಾಸಿನಿಂದ ಐದು ಲಕ್ಷದವರೆಗೆ ಇರುತ್ತದೆ. ಆರೋಗ್ಯವಾಗಿರುವ ಗ್ರೇಹೌಂಡ್‌ಗಳಲ್ಲಿ 80 ಸಾವಿರದಿಂದ 2 ಲಕ್ಷದೊಳಗೆ ಇರುವುದು ಮಾಮೂಲು. ಹಾಗಾಗಿ 1.3 ಲಕ್ಷ ನೋಡಿ ನಾನು ಗಾಬರಿ ಆಗುವುದಿಲ್ಲ. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಈ ತಳಿಯಲ್ಲಿ 50ರಿಂದ 65ರವರೆಗೆ ಇರುತ್ತದೆ, ಓಡಲು ಆಮ್ಲಜನಕ ಬೇಕಲ್ವಾ. ನಿಮ್ಮದು 56, ಚೆನ್ನಾಗಿದೆ. ಇದರ ಉಲ್ಟಾ ಕೂಡ ನೆನಪಿಡಿ. ಮುಂದೆ ಯಾವಾಗಲಾದರೂ ಪಿಸಿವಿ 40 ಬಂದರೆ ಲ್ಯಾಬ್ ಹಾಳೆ ಅದನ್ನು ನಾರ್ಮಲ್ ಅನ್ನುತ್ತದೆ, ಆದರೆ ಗ್ರೇಹೌಂಡ್‌ಗೆ ಅದು ರಕ್ತ ಇಳಿದಿರುವ ಲಕ್ಷಣ. ಕ್ರಿಯಾಟಿನಿನ್ ಮಾಂಸಖಂಡದಿಂದ ಬರುವ ವಸ್ತು, ಇವುಗಳ ಮೈ ತುಂಬಾ ಮಾಂಸಖಂಡವೇ, ಅದಕ್ಕೇ ಸ್ವಲ್ಪ ಮೇಲಿರುತ್ತದೆ. ಮೂತ್ರ ಪರೀಕ್ಷೆ ಸರಿ ಇದ್ದರೆ ಅದೊಂದನ್ನೇ ಹಿಡಿದು ಕಿಡ್ನಿ ರೋಗ ಅನ್ನಬೇಡಿ.

ಟಿ4 ವಿಷಯಕ್ಕೆ ಬರೋಣ. ಗ್ರೇಹೌಂಡ್‌ಗಳಲ್ಲಿ ಟಿ4 ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಎಷ್ಟೋ ಗ್ರೇಹೌಂಡ್‌ಗಳು ಬೇಡದ ಥೈರಾಯ್ಡ್ ಮಾತ್ರೆ ತಿನ್ನುವುದು ಈ ಒಂದೇ ಸಂಖ್ಯೆಯಿಂದ. ತೊಡೆಯ ಹಿಂಭಾಗದಲ್ಲಿ ಕೂದಲು ಉದುರಿ ನುಣ್ಣಗಿರುವುದನ್ನೂ ಥೈರಾಯ್ಡ್ ಖಾತೆಗೆ ಹಾಕುತ್ತಾರೆ, ಓಟದ ನಾಯಿಗಳಲ್ಲಿ ಅದು ತುಂಬಾ ಸಾಮಾನ್ಯ. ನಿಜವಾದ ಥೈರಾಯ್ಡ್ ಕೊರತೆ ಇದ್ದರೆ ತೂಕ ಏರುತ್ತದೆ, ಚರ್ಮ ಕೆಡುತ್ತದೆ, ಟಿಎಸ್‌ಎಚ್, ಅಂದರೆ ಥೈರಾಯ್ಡ್‌ಗೆ ಕೆಲಸ ಮಾಡು ಅನ್ನುವ ಹಾರ್ಮೋನ್, ಸಾಮಾನ್ಯವಾಗಿ ಮೇಲೆ ಹೋಗುತ್ತದೆ. ಟಿಎಸ್‌ಎಚ್ ಮತ್ತು ಫ್ರೀ ಟಿ4 ಎರಡನ್ನೂ ನೋಡದೆ ಮಾತ್ರೆ ಶುರು ಮಾಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಉಣ್ಣಿ ಜ್ವರವನ್ನು ಮಾತ್ರ ಹಗುರವಾಗಿ ತಗೋಬೇಡಿ. ಉಣ್ಣಿಯಿಂದ ಹರಡುವ ಎರ್ಲಿಕಿಯಾ, ಬೇಬಿಸಿಯಾ ಎಂಬ ರೋಗಾಣುಗಳು ಎರಡೂ ನಮ್ಮ ಕಡೆ ಧಾರಾಳವಾಗಿ ಇವೆ, ಅದೂ ರಸ್ತೆಯಲ್ಲಿದ್ದ ನಾಯಿಗೆ. ಪ್ಲೇಟ್‌ಲೆಟ್ ನೋಡಿ ಊಹಿಸುವ ಬದಲು ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿ, ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿ. ಯಂತ್ರದ ಪ್ಲೇಟ್‌ಲೆಟ್ ಎಣಿಕೆ ಕಣಗಳು ಅಂಟಿಕೊಂಡಾಗ ತಪ್ಪು ತೋರಿಸುತ್ತದೆ, ಅದಕ್ಕೂ ಲೇಪ ಬೇಕು. ಒಸಡು ಬಿಳಿಚಿಕೊಂಡರೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಕಂಡರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅವತ್ತೇ ಹೋಗಬೇಕು. ಪಾಸಿಟಿವ್ ಬಂದರೆ ಯಾವ ರೋಗಾಣು ಅನ್ನುವುದರ ಮೇಲೆ ಔಷಧಿ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ನಾಯಿ ಗೆಲುವಾದ ಕೂಡಲೇ ನಡುವೆ ನಿಲ್ಲಿಸಬೇಡಿ, ಮಾತ್ರೆಯನ್ನು ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಿ. ಬೇಬಿಸಿಯಾಗೆ ಅದೊಂದೇ ಸಾಲದು.

ಆಪರೇಷನ್ ಬಗ್ಗೆ ಒಂದು ಮಾತು, ಇದನ್ನು ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಥಯೋಪೆಂಟೋನ್ ಎಂಬ ಹಳೆಯ ಅರಿವಳಿಕೆ ಗ್ರೇಹೌಂಡ್‌ಗಳಿಗೆ ಬೇಡ. ಅದನ್ನು ಒಡೆಯುವ ಯಕೃತ್ತಿನ ಕಿಣ್ವ ಇವುಗಳಲ್ಲಿ ನಿಧಾನ, ಎಚ್ಚರ ಆಗಲು ಗಂಟೆಗಟ್ಟಲೆ ಬೇಕು. ಪ್ರೊಪೊಫಾಲ್ ಇಂಜೆಕ್ಷನ್ ಕೊಟ್ಟು ಐಸೊಫ್ಲುರೇನ್ ಎಂಬ ಅರಿವಳಿಕೆ ಅನಿಲದಲ್ಲಿ ಇಡುವ ಪದ್ಧತಿ ಹೆಚ್ಚು ಸುರಕ್ಷಿತ, ಪ್ರೊಪೊಫಾಲ್‌ನಿಂದ ಕೂಡ ಏಳುವುದು ಸ್ವಲ್ಪ ತಡ ಆಗುತ್ತದೆ ಅನ್ನುವುದು ಗೊತ್ತಿರಲಿ. ಮೈಯಲ್ಲಿ ಕೊಬ್ಬು ಇಲ್ಲದ ಕಾರಣ ಮೇಜಿನ ಮೇಲೆ ಬೇಗ ತಣ್ಣಗಾಗುತ್ತವೆ, ಬೆಚ್ಚಗೆ ಇಡಬೇಕು. ಇನ್ನೊಂದು, ಆಪರೇಷನ್ ಆದ ತಕ್ಷಣ ಎಲ್ಲ ಸರಿ ಇದ್ದು, ಒಂದೆರಡು ದಿನ ಬಿಟ್ಟು ಗಾಯದ ಸುತ್ತ ರಕ್ತ ಸೋರಿ ಚರ್ಮ ನೀಲಿ ಆಗುವುದು ಈ ತಳಿಯಲ್ಲಿ ಜಾಸ್ತಿ. ಆದ್ದರಿಂದ ಬೆಳಿಗ್ಗೆ ಆಪರೇಷನ್ ಮಾಡಿ ಸಂಜೆ ಮನೆಗೆ ಕಳಿಸಿ ಮರೆತುಬಿಡುವಂತಿಲ್ಲ. ಮೂರು ದಿನ ಕಣ್ಣಿಟ್ಟು ನೋಡಿ.

—

ಘಟಪ್ರಭೆ, ಚಿಂಚವಡ್

ನಮ್ಮೂರು ಮುಧೋಳ ತಾಲ್ಲೂಕು. ಚಿಕ್ಕಂದಿನಿಂದ ಮನೆಯಲ್ಲಿ ಮುಧೋಳ ನಾಯಿ ನೋಡಿಕೊಂಡೇ ಬೆಳೆದವನು. ಇಲ್ಲಿ ಚಿಂಚವಡ್‌ನಲ್ಲೂ ಒಂದು ಇದೆ. ತಳಿ ಬೇರೆ ಆದರೂ ಮೈಕಟ್ಟು ಗ್ರೇಹೌಂಡ್ ಜಾತಿಯದೇ. ಅದಕ್ಕೇ ನಿಮ್ಮ ನೋವು ಅರ್ಥ ಆಗುತ್ತದೆ. ಜನ ಲ್ಯಾಬ್ರಡಾರ್ ನೋಡಿ ನೋಡಿ ನಾಯಿ ಅಂದರೆ ಗುಂಡಗೆ ಇರಬೇಕು ಅಂದುಕೊಂಡಿದ್ದಾರೆ.

ಗ್ರೇಹೌಂಡ್‌ಗೆ ಕೊನೆಯ ಎರಡು ಮೂರು ಪಕ್ಕೆಲುಬು ಕಾಣಬೇಕು, ಸೊಂಟದ ಎರಡು ಮೂಳೆ ತುದಿಗಳು ಸಣ್ಣಗೆ ಕಾಣಬೇಕು, ಅದೇ ಸರಿಯಾದ ಮೈ. ಎಲ್ಲಾ ಪಕ್ಕೆಲುಬು, ಬೆನ್ನು ಹುರಿಯ ಗಂಟು ಗಂಟು ಕಂಡರೆ, ತೊಡೆಯ ಮಾಂಸ ಕರಗಿದ್ದರೆ ಆಗ ಸೊರಗಿದೆ ಅಂತ ಅರ್ಥ. ಹೆಣ್ಣು ಗ್ರೇಹೌಂಡ್‌ಗೆ 26 ಕೆ.ಜಿ. ಕಡಿಮೆ ಏನಲ್ಲ, ಎತ್ತರ ನೋಡಿ ಒಂದೆರಡು ಕೆ.ಜಿ. ಏರಿದರೆ ಸಾಕು. ಜನರ ಬಾಯಿ ಮುಚ್ಚಿಸಲು ಅಂತ ದಪ್ಪ ಮಾಡಬೇಡಿ. ಆ ತೆಳ್ಳಗಿನ ಉದ್ದ ಕಾಲುಗಳ ಮೇಲೆ ಭಾರ ಹಾಕಿದರೆ ಕೀಲು ಹಾಳಾಗುತ್ತದೆ.

ಸೊಸೈಟಿಯವರಿಗೆ ಕಾರವಾನಿ ಜಾತಿಯ ಹಾಗೆ ಇರುವ ನಾಯಿ ಅಂತ ಮರಾಠಿಯಲ್ಲಿ ಹೇಳಿ ನೋಡಿ. ಮಹಾರಾಷ್ಟ್ರದಲ್ಲಿ ನಮ್ಮ ಮುಧೋಳವನ್ನು ಹಾಗೇ ಕರೆಯುತ್ತಾರೆ. ಹಳ್ಳಿ ಮೂಲದವರಾದರೆ ತಕ್ಷಣ ತಲೆ ಆಡಿಸುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ತಂದಿತ್ತು, ಅದರ ಚಿತ್ರ ನಾನು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ, ಯಾರಾದರೂ ಕೇಳಿದರೆ ತೋರಿಸುತ್ತೇನೆ. ಗ್ರೂಪ್‌ನಲ್ಲಿ ಫೋಟೋ ಹಾಕಿದವರಿಗೆ ಚಿಗರಿಯ ತೂಕದ ಚೀಟಿ, ಲಸಿಕೆ ಪುಸ್ತಕ ಎರಡನ್ನೂ ಅದೇ ಗ್ರೂಪ್‌ನಲ್ಲಿ ಹಾಕಿ ಉತ್ತರ ಕೊಡಿ. ಜಗಳ ಬೇಡ. ನಾಯಿ ಸಾಕಬೇಡಿ, ಲಿಫ್ಟ್ ಬಳಸಬೇಡಿ ಅಂತ ಸೊಸೈಟಿ ಹೇಳುವಂತಿಲ್ಲ, ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಪಾಲಿಕೆಯ ನಾಯಿ ಲೈಸೆನ್ಸ್ ಮಾಡಿಸಿಲ್ಲ ಅಂದರೆ ಮೊದಲು ಮಾಡಿಸಿ, ಆಗ ಮಾತಾಡಲು ಗಟ್ಟಿ ನೆಲ ಸಿಗುತ್ತದೆ.

ಊಟಕ್ಕೆ ಬರುತ್ತೇನೆ. ನಮ್ಮ ಕಡೆ ಮುಧೋಳ ನಾಯಿಗೆ ಜೋಳದ ರೊಟ್ಟಿ, ಹಾಲು, ಗೋಧಿ, ಬೇಳೆ ಹಾಕಿ ಬೆಳೆಸುತ್ತಾರೆ, ಹೌದು. ಅವು ಹೊಲದಲ್ಲಿ ಮೊಲ, ಇಲಿ ಹಿಡಿದು ತಿನ್ನುವ ನಾಯಿಗಳು. ಫ್ಲಾಟ್‌ನಲ್ಲಿರುವ ನಾಯಿಗೆ ಬರೀ ಅದು ಸಾಲದು. ಬೆಳೆದ ನಾಯಿಗೆ ಹಾಲು ಜೀರ್ಣ ಆಗುವುದು ಕಷ್ಟ, ಭೇದಿ ಅದರಿಂದಲೇ ಇರಬೇಕು. ಹಾಲು ನಿಲ್ಲಿಸಿ, ಮಜ್ಜಿಗೆಗಿಂತ ಗಟ್ಟಿ ಮೊಸರು ಎರಡು ಚಮಚ ಕೊಡಿ, ಅದು ಹಿಡಿಸುತ್ತದೆ.

ಅವಳ ತೂಕಕ್ಕೆ ದಿನಕ್ಕೆ ಸುಮಾರು 1300 ಕ್ಯಾಲರಿ ಬೇಕು. ಪ್ಯಾಕೆಟ್ ಆಹಾರ ಆದರೆ ಹೆಚ್ಚು ಕಡಿಮೆ 350 ಗ್ರಾಂ, ಪ್ಯಾಕೆಟ್ ಹಿಂದೆ ಕ್ಯಾಲರಿ ಬರೆದಿರುತ್ತದೆ, ಅದನ್ನು ನೋಡಿ ಲೆಕ್ಕ ಹಾಕಿ. ಬಿಡುತ್ತಾಳೆ ಅಂದರೆ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ ಹಾಕಿ, ಮೇಲೆ ಸ್ವಲ್ಪ ಬೇಯಿಸಿದ ಕೋಳಿ ಹಾಕಿ. ಹೊಸ ಊಟಕ್ಕೆ ಒಮ್ಮೆಲೇ ಬದಲಾಯಿಸಬೇಡಿ, ವಾರ ಹತ್ತು ದಿನ ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋಗಿ. ಮನೆ ಊಟ ಅಂದರೆ ಮೂಳೆ ತೆಗೆದ ಕೋಳಿ, ಅನ್ನ ಅಥವಾ ರಾಗಿ ಗಂಜಿ, ಬೇಯಿಸಿದ ಸಿಹಿಗುಂಬಳ, ಮೊಟ್ಟೆ. ಇದರಲ್ಲಿ ಸುಣ್ಣದ ಅಂಶ ಕಡಿಮೆ ಬೀಳುತ್ತದೆ, ರಾಗಿ ಒಂದರಿಂದ ತುಂಬುವುದಿಲ್ಲ. ಮೊಟ್ಟೆ ಸಿಪ್ಪೆ ಕುದಿಸಿ ಒಣಗಿಸಿ ಪುಡಿ ಮಾಡಿ ದಿನಕ್ಕೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಬೆರೆಸಬಹುದು, ಡಾಕ್ಟರನ್ನು ಕೇಳಿ ಅಳತೆ ಗಟ್ಟಿ ಮಾಡಿಕೊಳ್ಳಿ.

ಈರುಳ್ಳಿ, ಬೆಳ್ಳುಳ್ಳಿ ಬೇಡ, ನಾವು ತಿನ್ನುವ ಸಾರು ಪಲ್ಯ ಕಲಸಿ ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ನೀವು ವಿಜಯಪುರದವರು ಅಂದಿದ್ದಕ್ಕೆ ಇದನ್ನು ಒತ್ತಿ ಹೇಳುತ್ತೇನೆ: ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. ಊರಿಂದ ಬಂದ ಒಣದ್ರಾಕ್ಷಿ ಡಬ್ಬ ಮಗನ ಕೈಗೆ ಸಿಕ್ಕಿ, ಅವನು ಪ್ರೀತಿಯಿಂದ ಅವಳಿಗೆ ತಿನ್ನಿಸಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಡಬ್ಬ ಮೇಲಿನ ಗೂಡಿನಲ್ಲಿರಲಿ.

—

ಹಡಪ್ಸರ್ ಹುಡುಗ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಕೋಳಿ ಕಾಲು ಮೂಳೆ ಸಮೇತ ಬೇಯಿಸಿ ಹಾಕಿ, ಸುಣ್ಣ ತಾನೇ ಸಿಗುತ್ತದೆ. ಓಟದ ನಾಯಿ ಅಂದ ಮೇಲೆ ದಿನಾ ಬೆಳಿಗ್ಗೆ ಸಂಜೆ ಒಂದು ಗಂಟೆ ಸೈಕಲ್ ಪಕ್ಕ ಓಡಿಸಿ, ಮನೆಯಲ್ಲಿ ಶಾಂತವಾಗಿರುತ್ತದೆ, ಬೆಕ್ಕಿನ ಹಿಂದೆ ಹೋಗುವುದೂ ನಿಲ್ಲುತ್ತದೆ.

—

ಪಶುವೈದ್ಯೆ, ಮುಲುಂಡ್

ಎರಡನ್ನೂ ದಯವಿಟ್ಟು ಮಾಡಬೇಡಿ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ, ಗಂಟಲಿಗೋ ಕರುಳಿಗೋ ಚುಚ್ಚಿದರೆ ಹೊಟ್ಟೆ ಕೊಯ್ಯಬೇಕಾಗುತ್ತದೆ. ಗ್ರೇಹೌಂಡ್ ದೂರ ಓಡುವ ನಾಯಿ ಅಲ್ಲ, ಅರ್ಧ ನಿಮಿಷದ ನಾಯಿ. ಗಂಟೆಗೆ 60ರಿಂದ 70 ಕಿ.ಮೀ. ವೇಗದಲ್ಲಿ ಸ್ವಲ್ಪ ಹೊತ್ತು ಓಡಿ ಮುಗಿಸುತ್ತದೆ, ಆಮೇಲೆ ಮಲಗುತ್ತದೆ. ಅಭ್ಯಾಸ ಇಲ್ಲದೆ, ಬಿಸಿಲಲ್ಲಿ, ಜಾಸ್ತಿ ಹೊತ್ತು ಓಡಿಸಿದರೆ ಮಾಂಸಖಂಡ ಒಳಗೇ ಒಡೆದು ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಕಿಡ್ನಿ ಕೆಡುತ್ತದೆ. ಬೆಳಿಗ್ಗೆ ಸಂಜೆ 20–30 ನಿಮಿಷದ ನಡಿಗೆ ಸಾಕು. ಎತ್ತರದ ಗೋಡೆ ಇರುವ ಖಾಲಿ ಜಾಗ ಸಿಕ್ಕರೆ ವಾರಕ್ಕೊಮ್ಮೆ ಎರಡು ಸುತ್ತು ಬಿಡಿ. ಮೊದಲು ಐದು ಹತ್ತು ನಿಮಿಷ ನಡೆಸಿ ಮೈ ಬಿಸಿಯಾಗಲಿ, ಕೆಸರು ಜಾರಿಕೆ ಇರುವಾಗ ಬೇಡ, ಊಟದ ಹಿಂದೆ ಮುಂದೆ ಒಂದು ಗಂಟೆ ಬೇಡವೇ ಬೇಡ. ಎದೆ ಆಳವಾಗಿರುವ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ, ಅದಕ್ಕೇ ಊಟವನ್ನೂ ಎರಡು ಹೊತ್ತಿಗೆ ಹಂಚಿ ಹಾಕಿ. ಹೊಟ್ಟೆ ಬಿಗಿದು ಉಬ್ಬಿದೆ, ವಾಂತಿ ಮಾಡಲು ನೋಡುತ್ತಿದೆ, ಏನೂ ಬರುತ್ತಿಲ್ಲ ಅಂದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ ಆಗಲೇ ಹೊರಡಬೇಕು.

ಇಡೀ ದಿನ ಮಲಗುತ್ತಾಳೆ ಅಂದಿದ್ದೀರಿ. ದಿನಕ್ಕೆ 16–18 ಗಂಟೆ ಮಲಗುವುದು ಇವುಗಳಿಗೆ ಸಹಜ. ಎದ್ದಾಗ ಕಣ್ಣಲ್ಲಿ ಚುರುಕು ಇದೆ, ಊಟಕ್ಕೆ ಬರುತ್ತಾಳೆ ಅಂದರೆ ಸರಿ. ಗಟ್ಟಿ ನೆಲದ ಮೇಲೆ ಮಾತ್ರ ಮಲಗಿಸಬೇಡಿ, ಮೊಣಕೈ ಚರ್ಮ ಒಡೆಯುತ್ತದೆ. ದಪ್ಪ ಹಾಸಿಗೆ ಬೇಕು.

—

ಕೊಥ್ರುಡ್ ಕನ್ನಡತಿ

ತರಬೇತಿ ಬಗ್ಗೆ ಯಾರೂ ಇನ್ನೂ ಬರೆದಿಲ್ಲ, ನಾನು ಬರೆಯುತ್ತೇನೆ. ನಮ್ಮ ಮನೆಗೆ ಬಂದ ಗ್ರೇಹೌಂಡ್ ಈಗ ವಯಸ್ಸಾಗಿದೆ, ಪಂಜಾಬಿನಿಂದ ಬಂದದ್ದು.

ಕೂರು ಅನ್ನುವುದನ್ನು ಬಿಟ್ಟುಬಿಡಿ. ತೊಡೆಯ ಮಾಂಸಖಂಡ ಅಷ್ಟು ದಪ್ಪ ಇರುವಾಗ ಕುಂಡೆ ನೆಲಕ್ಕೆ ಊರಿ ಕೂರುವುದು ಅವುಗಳಿಗೆ ಹಿತ ಅಲ್ಲ. ನಿಲ್ಲು, ಮಲಗು ಇವೆರಡನ್ನು ಕಲಿಸಿ. ಬಾಗಿಲು ತೆಗೆಯುವಾಗ ನಿಲ್ಲು ಅಂದರೆ ನಿಲ್ಲಬೇಕು, ಅದು ಪ್ರಾಣ ಉಳಿಸುವ ಮಾತು. ಒಂದು ಸಲಕ್ಕೆ ಎರಡು ಮೂರು ನಿಮಿಷ ಸಾಕು, ಕೈಯಲ್ಲಿ ಬೇಯಿಸಿದ ಕೋಳಿಯ ಸಣ್ಣ ಚೂರು ಇರಲಿ. ಗದರಿದರೆ ಮುದುಡಿ ಹೋಗುತ್ತವೆ, ಆಮೇಲೆ ಆ ದಿನ ಏನೂ ಕಲಿಯುವುದಿಲ್ಲ.

ಮೆಟ್ಟಿಲು ಅವಳು ಜೀವನದಲ್ಲೇ ನೋಡಿರಲಿಕ್ಕಿಲ್ಲ, ಗೂಡಿನಲ್ಲಿ ಬೆಳೆದ ನಾಯಿ. ಹಗ್ಗ ಹಿಡಿದು ಎಳೆಯಬೇಡಿ. ಕೊನೆಯ ಎರಡು ಮೆಟ್ಟಿಲ ಮೇಲೆ ಅವಳನ್ನು ಎತ್ತಿ ನಿಲ್ಲಿಸಿ, ಅಲ್ಲಿಂದ ಮೇಲಕ್ಕೆ ಹತ್ತಲಿ, ಕೋಳಿ ಚೂರು ಮೇಲಿರಲಿ. ಅದು ಸಲೀಸಾದ ಮೇಲೆ ಮೂರು ಮೆಟ್ಟಿಲು, ಹೀಗೆ ಕೆಳಗಿಳಿಸುತ್ತಾ ಬನ್ನಿ. ಒಬ್ಬರು ಹಿಂದೆ ಒಬ್ಬರು ಮುಂದೆ ಇದ್ದರೆ ಒಳ್ಳೆಯದು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಅವಸರಪಡಬೇಡಿ. ಮನೆಯ ವಿಟ್ರಿಫೈಡ್ ಟೈಲ್ಸ್ ಮೇಲೂ ಕಾಲು ಜಾರುತ್ತದೆ, ಹಾಸಿಗೆಯಿಂದ ಊಟದ ತಟ್ಟೆಯವರೆಗೆ ಜಮಖಾನೆ ಹಾಸಿ, ಉಗುರು ಸಣ್ಣಗೆ ಕತ್ತರಿಸಿ ಇಡಿ.

ಮಗ ಚಿಕ್ಕವನು ಅಂದಿರಿ. ಮಲಗಿರುವ ಗ್ರೇಹೌಂಡ್ ಮೇಲೆ ಬೀಳುವುದು, ಅಪ್ಪಿಕೊಳ್ಳುವುದು ಮಾಡಬಾರದು ಅಂತ ಅವನಿಗೆ ಈಗಲೇ ಕಲಿಸಿ. ಓಟದ ನಾಯಿಗಳು ಒಂಟಿಯಾಗಿ ಮಲಗಿ ಅಭ್ಯಾಸ ಆದವು, ಕೆಲವು ಕಣ್ಣು ತೆರೆದೇ ನಿದ್ದೆ ಮಾಡುತ್ತವೆ. ಯಾರಾದರೂ ತಟ್ಟನೆ ಮುಟ್ಟಿದರೆ ಬೆಚ್ಚಿಬಿದ್ದು ಬಾಯಿ ಹಾಕಬಹುದು. ಎಷ್ಟೇ ಸಾಧು ನಾಯಿಯಾದರೂ ಇದು ಆಗುತ್ತದೆ, ಅದರ ತಪ್ಪಲ್ಲ. ದೂರದಿಂದ ಹೆಸರು ಕರೆದು, ಎದ್ದು ನೋಡಿದ ಮೇಲೆ ಹತ್ತಿರ ಹೋಗಲಿ. ಅವಳ ಹಾಸಿಗೆ ಜನ ಓಡಾಡುವ ದಾರಿಯಲ್ಲಿ ಬೇಡ.

—

ವಾಸ್ಕೊ ಕನ್ನಡಿಗ

ಗೋವಾದಿಂದ ಬರೆಯುತ್ತಿದ್ದೇನೆ. ಬೆಕ್ಕಿನ ವಿಷಯಕ್ಕೆ ನನ್ನ ಉತ್ತರ ಹಗ್ಗ ಮತ್ತು ಪಟ್ಟಿ. ಸಾವಿರಾರು ವರ್ಷ ಕಣ್ಣಿಂದ ನೋಡಿ ಬೆನ್ನಟ್ಟಲು ಬೆಳೆಸಿದ ಜಾತಿ, ಅದನ್ನು ಬುದ್ಧಿ ಹೇಳಿ ತೆಗೆಯಲು ಆಗುವುದಿಲ್ಲ. ನಿಮ್ಮ ಕೈಯಲ್ಲಿರುವುದು ಬಂದೋಬಸ್ತ್ ಮಾತ್ರ.

ಗ್ರೇಹೌಂಡ್ ಕತ್ತು ತಲೆಗಿಂತ ದಪ್ಪ. ಮಾಮೂಲು ಪಟ್ಟಿ ಹಿಂದಕ್ಕೆ ಎಳೆದರೆ ಕಿವಿ ದಾಟಿ ಕಳಚಿ ಬರುತ್ತದೆ. ಮಾರ್ಟಿಂಗೇಲ್ ಪಟ್ಟಿ ತಗೊಳ್ಳಿ, ಅಗಲವಾದದ್ದು, ಎಳೆದಾಗ ಅಷ್ಟೇ ಬಿಗಿಯಾಗುತ್ತದೆ, ಕತ್ತು ಹಿಸುಕುವುದಿಲ್ಲ. ಹೊಸ ನಾಯಿ ಆದ್ದರಿಂದ ಜೊತೆಗೆ ಎದೆಗೆ ಹಾರ್ನೆಸ್ ಹಾಕಿ, ಎರಡಕ್ಕೂ ಬೇರೆ ಬೇರೆ ಹಗ್ಗ ಇರಲಿ. ಗುಂಡಿ ಒತ್ತಿದರೆ ಉದ್ದ ಆಗುವ ಹಗ್ಗವನ್ನು ಮನೆಯೊಳಗೇ ತರಬೇಡಿ. ಐದು ಮೀಟರ್ ಸಿಕ್ಕರೆ ಈ ನಾಯಿ ಜೋರು ವೇಗ ಹಿಡಿದಿರುತ್ತದೆ, ಹಗ್ಗ ಮುಗಿದಾಗ ಬೀಳುವ ಹೊಡೆತ ಅದರ ಕತ್ತಿಗೆ. ಒಂದೂವರೆ ಮೀಟರಿನ ಗಟ್ಟಿ ಹಗ್ಗ, ಕೈಮಣಿಕಟ್ಟಿಗೆ ಕುಣಿಕೆ ಹಾಕಿ ಅಂಗೈಯಲ್ಲಿ ಹಿಡಿಯಿರಿ. ಪಟ್ಟಿಗೆ ಫೋನ್ ನಂಬರಿನ ಬಿಲ್ಲೆ, ಚರ್ಮದಡಿ ಮೈಕ್ರೋಚಿಪ್, ಎರಡೂ ಬೇಕು.

ಸೊಸೈಟಿಯಲ್ಲಿ ಬೇರೆಯವರ ಸಣ್ಣ ಪೊಮೆರೇನಿಯನ್ ಇದ್ದರೆ ಅದನ್ನೂ ಬೆಕ್ಕಿನ ಲೆಕ್ಕಕ್ಕೇ ತಗೊಳ್ಳಿ. ಮೊದಮೊದಲ ಭೇಟಿಗೆ ಬುಟ್ಟಿಯಂಥ ಬಾಯಿಕುಕ್ಕೆ ಹಾಕಿ, ಅದರಲ್ಲಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಟ್ಟೆಯ ಬಿಗಿ ಕುಕ್ಕೆ ಬೇಡ. ಊಟದ ಚೂರನ್ನು ಕುಕ್ಕೆಯೊಳಗಿಟ್ಟು ತಾನೇ ಮೂತಿ ಹಾಕುವ ಹಾಗೆ ಅಭ್ಯಾಸ ಮಾಡಿಸಿ.

ಬೋಗ್ಮಾಳೊ ಬೀಚಿನಲ್ಲಿ ನಮ್ಮದನ್ನು ನಸುಕಿಗೆ ನಡೆಸುತ್ತೇನೆ, ಹಗ್ಗ ಬಿಚ್ಚುವುದಿಲ್ಲ. ಮರಳು ಅವನಿಗೆ ತುಂಬಾ ಹಿತ, ಯಾಕೆಂದರೆ ಪಾದದಲ್ಲಿ ಆಣಿ ಇದೆ. ಇದು ಗ್ರೇಹೌಂಡ್‌ಗಳಲ್ಲೇ ಹೆಚ್ಚು ಕಾಣುವ ತೊಂದರೆ. ಡಾಂಬರು ರಸ್ತೆಯಲ್ಲಿ ಕುಂಟಿ, ಹುಲ್ಲಿನ ಮೇಲೆ ಸರಿಯಾಗಿ ನಡೆದರೆ ಪಾದ ತಿರುಗಿಸಿ ನೋಡಿ, ಮೆತ್ತೆಯ ನಡುವೆ ಗಟ್ಟಿ ಗುಂಡು ಚುಕ್ಕೆ ಇರುತ್ತದೆ. ಎಲ್ಲಾ ನೆಲದ ಮೇಲೂ ಕುಂಟುತ್ತಿದ್ದರೆ, ವಾರ ಎರಡು ವಾರ ಕಳೆದರೂ ಬಿಡದಿದ್ದರೆ ನೋವಿನ ಮಾತ್ರೆ ಕೊಟ್ಟು ಸುಮ್ನೆ ಕಾಯಬೇಡಿ, ಎಕ್ಸ್‌ರೇ ಮಾಡಿಸಿ. ಈ ತಳಿಯಲ್ಲಿ ಮೂಳೆ ಕ್ಯಾನ್ಸರ್ ಜಾಸ್ತಿ. ಹೆದರಿಸಲು ಹೇಳುತ್ತಿಲ್ಲ, ಬೇಗ ಗೊತ್ತಾದರೆ ನಾಯಿಗೆ ನೋವು ಕಡಿಮೆ ಮಾಡಬಹುದು ಅಂತ ಹೇಳುತ್ತಿದ್ದೇನೆ.

ಹಲ್ಲು ಕೂಡ ನೋಡಿ. ಓಟದ ನಾಯಿಗಳ ಹಲ್ಲು ಬೇಗ ಕೆಡುತ್ತದೆ. ದಿನಾ ಉಜ್ಜಿ, ನಾಯಿಗೆ ಅಂತಲೇ ಸಿಗುವ ಪೇಸ್ಟ್ ಬಳಸಿ, ನಮ್ಮ ಪೇಸ್ಟ್ ಬೇಡ.

—

ಭೀಮಾತೀರ, ವಾಕಡ್

ಎಲ್ಲರಿಗೂ ತುಂಬಾ ಧನ್ಯವಾದ. ಬೇರೆ ಡಾಕ್ಟರ ಹತ್ತಿರ ಹೋಗಿ ಬಂದೆವು. ಮುಲುಂಡಿನ ಡಾಕ್ಟರಮ್ಮ ಬರೆದದ್ದನ್ನು ಮೊಬೈಲಿನಲ್ಲೇ ತೋರಿಸಿದೆ, ಅವರು ಬೇಸರ ಮಾಡಿಕೊಳ್ಳದೆ ಪೂರ್ತಿ ಓದಿದರು. ಟಿಎಸ್‌ಎಚ್, ಫ್ರೀ ಟಿ4 ಎರಡೂ ನಾರ್ಮಲ್. ಥೈರಾಯ್ಡ್ ಮಾತ್ರೆ ಬೇಡ ಅಂದರು. ಪಿಸಿಆರ್‌ನಲ್ಲಿ ಎರ್ಲಿಕಿಯಾ ಪಾಸಿಟಿವ್ ಬಂತು, ಬೇಬಿಸಿಯಾ ಇಲ್ಲ. ಡಾಕ್ಸಿಸೈಕ್ಲಿನ್ ಶುರುವಾಗಿದೆ, ಆಪರೇಷನ್ ಮುಂದಕ್ಕೆ ಹಾಕಿದ್ದೇವೆ. ಹಾಲು ನಿಲ್ಲಿಸಿದ ಮೇಲೆ ಭೇದಿ ನಿಂತಿದೆ. ಪಟ್ಟಿ ಮತ್ತು ಹಾರ್ನೆಸ್ ಎರಡೂ ತಂದಿದ್ದೇವೆ. ಒಣದ್ರಾಕ್ಷಿ ಡಬ್ಬ ಮೇಲೆ ಹೋಗಿದೆ.

ಇನ್ನೆರಡು ಪ್ರಶ್ನೆ. ಉಣ್ಣಿ ಮತ್ತೆ ಹತ್ತದ ಹಾಗೆ ಏನು ಮಾಡಬೇಕು? ಮತ್ತೆ ಗಣಪತಿ ಹಬ್ಬ ಹತ್ತಿರ ಬರುತ್ತಿದೆ. ನಮ್ಮ ಮನೆ ಹತ್ತಿರ ಢೋಲ್ ತಾಶಾ ಪಥಕದವರು ಈಗಲೇ ಸಂಜೆ ಅಭ್ಯಾಸ ಶುರು ಮಾಡಿದ್ದಾರೆ. ಸದ್ದು ಕೇಳಿದರೆ ಚಿಗರಿ ಬಾತ್‌ರೂಮಿಗೆ ಹೋಗಿ ನಡುಗುತ್ತಾಳೆ.

—

ಪಶುವೈದ್ಯೆ, ಮುಲುಂಡ್

ಸರಿಯಾದ ಪರೀಕ್ಷೆ ಆಯಿತಲ್ಲ, ತುಂಬಾ ಸಂತೋಷ. ಔಷಧಿ ಮುಗಿದ ಮೇಲೆ ರಕ್ತ ಮತ್ತೆ ನೋಡಿಸಿ. ಗೆಲುವಾಗಿರುವಾಗ ಬಂದ ಆ ಸಂಖ್ಯೆಗಳನ್ನು ಜೋಪಾನ ಮಾಡಿ, ಮುಂದೆ ಹುಷಾರಿಲ್ಲದಾಗ ಲ್ಯಾಬ್ ಮಿತಿಯ ಬದಲು ಅದರ ಜೊತೆ ಹೋಲಿಸಿ.

ಉಣ್ಣಿಗೆ ಫ್ಲುರಲೇನರ್ ಅಥವಾ ಅಫಾಕ್ಸೊಲೇನರ್ ಇರುವ ಬಾಯಿಯ ಮಾತ್ರೆ ಸಿಗುತ್ತದೆ. ಮೊದಲನೆಯದು ಸುಮಾರು 12 ವಾರ, ಎರಡನೆಯದು ಒಂದು ತಿಂಗಳು ಕೆಲಸ ಮಾಡುತ್ತದೆ. ತೂಕ ನೋಡಿ ಕೊಡಬೇಕು, ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ನೀರಿಗೆ ಬೆರೆಸಿ ನಾಯಿಗೆ ಸ್ನಾನ ಮಾಡಿಸುವ ಪದ್ಧತಿ ಹಳ್ಳಿಗಳಲ್ಲಿ ಇದೆ, ಚರ್ಮ ತೆಳ್ಳಗಿರುವ ಈ ನಾಯಿಗೆ ಅದು ಅಪಾಯ. ವಾಕ್ ಮುಗಿಸಿ ಬಂದ ಮೇಲೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಕೈಯಾಡಿಸಿ ನೋಡಿ. ಮಳೆಗಾಲದಲ್ಲಿ ನಿಂತ ನೀರು ನೆಕ್ಕಲು ಬಿಡಬೇಡಿ, ಇಲಿ ಜ್ವರದ ಲಸಿಕೆ ಹಾಕಿಸಿದ್ದೀರಾ ನೋಡಿಕೊಳ್ಳಿ.

—

ಕೊಥ್ರುಡ್ ಕನ್ನಡತಿ

ಢೋಲ್ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಬೀದಿಯಲ್ಲೂ ಪ್ರತಿ ವರ್ಷ ಇದೇ. ಬಾತ್‌ರೂಮ್ ಅವಳು ಆರಿಸಿಕೊಂಡ ಜಾಗ, ಅಲ್ಲಿಂದ ಹೊರಗೆ ಎಳೆಯಬೇಡಿ. ಅಲ್ಲೇ ಅವಳ ಹಾಸಿಗೆ ಹಾಕಿ, ಬಾಗಿಲು ತೆರೆದಿರಲಿ, ಫ್ಯಾನಿನ ಸದ್ದು ಅಥವಾ ಟಿವಿ ಸದ್ದು ಇರಲಿ, ನಿಮ್ಮಲ್ಲಿ ಒಬ್ಬರು ಪಕ್ಕದಲ್ಲಿ ಕೂತಿರಿ. ಸಮಾಧಾನ ಮಾಡಿದರೆ ಭಯ ಜಾಸ್ತಿ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ, ಹಾಗೇನಿಲ್ಲ, ಧಾರಾಳವಾಗಿ ಮೈ ಸವರಿ. ಅಭ್ಯಾಸ ಶುರುವಾಗುವ ಹೊತ್ತಿಗೆ ಮೊದಲೇ ವಾಕ್ ಮುಗಿಸಿ ಊಟ ಹಾಕಿಬಿಡಿ. ಫೋನಿನಲ್ಲಿ ಢೋಲ್ ಸದ್ದನ್ನು ತೀರಾ ಸಣ್ಣಗೆ ಹಾಕಿ, ಜೊತೆಗೆ ಕೋಳಿ ಚೂರು ಕೊಡುತ್ತಾ, ದಿನ ದಿನಕ್ಕೆ ಒಂಚೂರು ಏರಿಸಿ. ನಡುಗಲು ಶುರು ಮಾಡಿದರೆ ಸದ್ದು ಇಳಿಸಿ. ಹಬ್ಬಕ್ಕೆ ಇನ್ನೂ ಸಮಯ ಇದೆ ಅಲ್ವಾ, ಈಗಲೇ ಶುರು ಮಾಡಿ.

ವಿಸರ್ಜನೆಯ ದಿನ ಮಾತ್ರ ಇದು ಯಾವುದೂ ಸಾಲದು. ಅವತ್ತಿಗೆ ಕೊಡುವ ಭಯ ಇಳಿಸುವ ಔಷಧಿಯನ್ನು ಡಾಕ್ಟರ ಹತ್ತಿರ ಮುಂಚೆಯೇ ಬರೆಸಿಕೊಳ್ಳಿ, ಹಬ್ಬಕ್ಕೆ ಮೊದಲು ಒಂದು ಸಲ ಕೊಟ್ಟು ಹೇಗಿರುತ್ತಾಳೆ ನೋಡಿ. ಮೆರವಣಿಗೆ ಇರುವ ದಿನ ಮಧ್ಯಾಹ್ನದೊಳಗೆ ಹೊರಗಿನ ಕೆಲಸ ಮುಗಿಸಿ. ಆಮೇಲೆ ಮುಖ್ಯ ಬಾಗಿಲಿಗೆ ಒಳಗಿಂದ ಚಿಲಕ ಹಾಕಿ, ನೆಂಟರು ಪ್ರಸಾದಕ್ಕೆ ಬಂದರೆ ಅವಳಿರುವ ಕೋಣೆ ಮುಚ್ಚಿದೆಯಾ ಅಂತ ನೋಡಿ ಆಮೇಲೆ ಬಾಗಿಲು ತೆಗೆಯಿರಿ. ಮನೆಯೊಳಗಿದ್ದರೂ ಅವತ್ತು ಪಟ್ಟಿ ಮತ್ತು ಬಿಲ್ಲೆ ಕತ್ತಿನಲ್ಲೇ ಇರಲಿ.